ಇಬ್ಬರು ಹಿಡಿಸುವ ಮಣೆ

ಇಷ್ಟು ವರ್ಷವಾದರೂ ಆಕೆಯ ಮೇಲಿನ ನನ್ನ ಸಿಟ್ಟು ಇಳಿದಿಲ್ಲ. ಇಳಿಸಿಕೊಳ್ಳುವ ಆತುರವೂ ನನಗಿಲ್ಲ. ವಯಸ್ಸಾದ ಮೇಲೆ ಎಲ್ಲವನ್ನೂ ಕ್ಷಮಿಸಿಬಿಡಬೇಕು ಎನ್ನುವವರು ಸಿಕ್ಕಾಗ ತಲೆಯಾಡಿಸಿ, ಕಾಫಿ ಕೊಟ್ಟು ಕಳಿಸುತ್ತೇನೆ. ನಮ್ಮ ಮನೆಯ ಅಟ್ಟದ ಮೇಲೆ ಒಂದು ಉದ್ದನೆಯ ಮಣೆ ಇದೆ. ಅದನ್ನು ನೋಡಿದಾಗೆಲ್ಲ ಸಿಟ್ಟು ಹೊಸದಾಗುತ್ತದೆ, ಜೊತೆಗೆ ಹೊಟ್ಟೆ ತಣ್ಣಗೂ ಆಗುತ್ತದೆ.

ಎಂಬತ್ತರ ದಶಕದ ಶುರುವಿನಲ್ಲಿ ನಾವು ಬೆಂಗಳೂರಿನ ವಿಜಯನಗರದಲ್ಲಿದ್ದೆವು. ಅಪ್ಪ ಕಾರ್ಖಾನೆಯೊಂದರ ಆಫೀಸಿನಲ್ಲಿ ಗುಮಾಸ್ತ. ನಾನು ಮಾರೇನಹಳ್ಳಿಯ ಸಣ್ಣ ಶಾಲೆಯೊಂದರಲ್ಲಿ ಟೀಚರ್. ಅತ್ತಿಗುಪ್ಪೆಯಲ್ಲಿ ಅಮ್ಮನಿಗೆ ಗುರುತಿನ ಒಬ್ಬ ಆಂಟಿ ಇದ್ದರು. ಗಂಡು ಹೆಣ್ಣು ಜೊತೆ ಮಾಡುವುದು ಅವರ ಒಂದು ಹವ್ಯಾಸ. ವರ್ಷಕ್ಕೊಮ್ಮೆ ಹೆಂಗಸರನ್ನು ಸೇರಿಸಿ, ಬಸ್ಸು ಮಾಡಿಸಿ, ದೇವಸ್ಥಾನಗಳಿಗೆ ಟೂರ್ ಹೊರಡಿಸುವುದು ಇನ್ನೊಂದು. ನನಗೆ ರಾಜಾಜಿನಗರದ ಸಂಬಂಧ ತಂದವರು ಅವರೇ. ಹುಡುಗ ಬ್ಯಾಂಕಿನಲ್ಲಿದ್ದ. ನೋಡಲು ಬಂದ ದಿನ ಉಪ್ಪಿಟ್ಟಿನ ಕರಿಬೇವನ್ನೆಲ್ಲ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟ ಎನ್ನುವುದು ಬಿಟ್ಟರೆ ಅವನ ಬಗ್ಗೆ ನನಗೆ ಬೇರೇನೂ ನೆನಪಿಲ್ಲ. ಮಾತೆಲ್ಲ ಅವನ ತಾಯಿಯದು. ಸೊಂಟಕ್ಕೆ ಬೀಗದಕೈ ಗೊಂಚಲು ಸಿಕ್ಕಿಸಿಕೊಂಡು, ನಮ್ಮ ಮನೆಯ ನಡುಮನೆಯಲ್ಲಿ ತಮ್ಮದೇ ಮನೆಯೆನ್ನುವ ಹಾಗೆ ಓಡಾಡಿದರು.

ನಿಶ್ಚಿತಾರ್ಥದ ದಿನ ಆಕೆ ಅಪ್ಪನಿಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ.

"ನಮ್ ಮನೇಲಿ ಗಂಡಿಗೊಂದು ಹೆಣ್ಣಿಗೊಂದು ಅಂತ ಬೇರೆ ಬೇರೆ ಮಣೆ ಹಾಕೋ ಪದ್ಧತಿ ಇಲ್ಲ. ಇಬ್ರಿಗೂ ಸೇರಿ ಒಂದೇ ಹಸೆಮಣೆ. ಹಲಸಿನ ಮರದ್ದೇ ಆಗ್ಬೇಕು, ತುಂಡು ಸೇರಿಸಿರ್ಬಾರ್ದು, ಒಂದೇ ಹಲಗೆ. ಹೆಣ್ಣಿನ ಕಡೆಯೋರೇ ಮಾಡಿಸ್ಬೇಕು."

ಅಪ್ಪ ಮರದ ಡಿಪೋಗಳನ್ನೆಲ್ಲ ಸುತ್ತಿ ಅಷ್ಟಗಲದ ಹಲಗೆ ಹುಡುಕಿ ತಂದರು. ಕಾಮಾಕ್ಷಿಪಾಳ್ಯದ ಬಡಗಿ ಅದನ್ನು ಕನ್ನಡಿಯ ಹಾಗೆ ನುಣ್ಣಗೆ ಮಾಡಿ, ಮೂಲೆಗಳನ್ನು ದುಂಡಗೆ ಕೆತ್ತಿ, ಕೆಳಗೆ ಎರಡು ತುದಿಗೂ ಒಂದೊಂದು ಅಡ್ಡಪಟ್ಟಿ ಬಡಿದುಕೊಟ್ಟ. ನನ್ನನ್ನು ಅದರ ಪಕ್ಕ ನಿಲ್ಲಿಸಿದರೆ ಅದರ ತುದಿ ನನ್ನ ಭುಜಕ್ಕೆ ಬರುತ್ತಿತ್ತು. "ಇದು ಮದ್ವೇಗಾ, ಮಲ್ಗಕ್ಕಾ ಸಾರ್?" ಎಂದು ಅವನು ತಮಾಷೆ ಮಾಡಿದನಂತೆ. ಅಪ್ಪ ಮನೆಗೆ ಬಂದು ಅದನ್ನೇ ಹೇಳಿ ನಕ್ಕರು. ಅವರು ಹಾಗೆ ನಕ್ಕದ್ದು ಆ ವರ್ಷದಲ್ಲಿ ಅದೇ ಕೊನೆ.

ಲಗ್ನಪತ್ರಿಕೆ ಅಚ್ಚಾಗಿ ಬಂದ ಮೇಲೆ ಗಂಡಿನ ಕಡೆಯವರಿಗೆ ಇನ್ನೊಂದು ಸಂಬಂಧ ಸಿಕ್ಕಿತು. ಹುಡುಗಿಯ ತಂದೆಗೆ ಬಸವೇಶ್ವರನಗರದಲ್ಲಿ ಸ್ವಂತ ಮನೆ, ಪಕ್ಕದಲ್ಲೇ ಖಾಲಿ ಸೈಟು. ಅದನ್ನು ನೇರವಾಗಿ ಹೇಳಿದ್ದರೆ ನಾಲ್ಕು ದಿನ ಅತ್ತು ಸುಮ್ಮನಾಗುತ್ತಿದ್ದೆ. ಆದರೆ ನಿಶ್ಚಯವಾದ ಮದುವೆ ಮುರಿದವರು ಎಂಬ ಹೆಸರು ಆಕೆಗೆ ಬೇಡವಾಗಿತ್ತು. ಅದಕ್ಕೆ ಒಂದು ಸುಳ್ಳು ಹುಟ್ಟಿಸಿದರು: ಹುಡುಗಿಗೆ ಮೂರ್ಛೆ ರೋಗ, ಮುಚ್ಚಿಟ್ಟು ಮದುವೆ ಮಾಡಲು ನೋಡಿದರು, ಪುಣ್ಯಕ್ಕೆ ನಮಗೆ ಮೊದಲೇ ಗೊತ್ತಾಯಿತು. ಈ ಮಾತನ್ನು ಆಕೆ ಅತ್ತಿಗುಪ್ಪೆ ಆಂಟಿಯ ಕಿವಿಗೆ ಹಾಕಿದರು. ಅಲ್ಲಿಗೆ ಹಾಕಿದರೆ ಸಾಕು, ಕೆಂಗೇರಿಯವರೆಗೂ ತಲುಪುತ್ತಿತ್ತು.

ಆ ರೋಗ ಇರುವವರದು ಯಾವ ತಪ್ಪೂ ಇಲ್ಲ. ಆದರೆ ಆಗಿನ ಜನ ಅವರನ್ನು ನೋಡುತ್ತಿದ್ದ ರೀತಿ ಹೇಗಿತ್ತು ಎಂಬುದನ್ನು ರೋಗವಿಲ್ಲದ ನಾನು ಅನುಭವಿಸಿ ತಿಳಿದೆ. ಒಂದು ದಿನ ಸೀಮೆಎಣ್ಣೆ ಕ್ಯೂನಲ್ಲಿ ಬಿಸಿಲಿಗೆ ನಿಂತು ಸುಸ್ತಾಗಿ ಗೋಡೆಗೆ ಒರಗಿದೆ, ಅಷ್ಟೇ. ಹಿಂದಿದ್ದ ಹೆಂಗಸು ಅವಸರದಿಂದ ತನ್ನ ಬೀಗದಕೈ ಗೊಂಚಲು ತೆಗೆದು ನನ್ನ ಅಂಗೈಗೆ ಒತ್ತಿ, ಬೆರಳು ಮಡಿಸಿ ಗಟ್ಟಿಯಾಗಿ ಹಿಡಿದುಕೊಂಡಳು. ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುತ್ತದೆ ಎಂಬ ನಂಬಿಕೆ ಇದೆಯಲ್ಲ! ಇಡೀ ಕ್ಯೂ ತಿರುಗಿ ನೋಡಿತು. ಶಾಲೆಯಲ್ಲಿ ಹೆಡ್‌ಮಿಸ್ಸು ನನ್ನನ್ನು ಒಳಗೆ ಕರೆದು, "ಮಕ್ಕಳನ್ನ ಪಿಕ್ನಿಕ್ಕಿಗೆ ನೀವು ಕರ್ಕೊಂಡು ಹೋಗೋದು ಬೇಡಮ್ಮ. ಅಲ್ಲಿ ಕೆರೆ ಇದೆ. ನಿಮಗೆ ನೀರಿನ ಹತ್ರ ಹೋದ್ರೆ ಆಗಲ್ವಂತಲ್ಲ" ಎಂದರು. ಹೆಣ್ಣು ನೋಡಲು ಬರುತ್ತೇವೆ ಎಂದಿದ್ದವರೆಲ್ಲ ದಾರಿಯಲ್ಲೇ ತಿರುಗಿ ಹೋದರು.

ಇಲ್ಲ ಎಂದು ನಾವು ಹೇಳಿದಷ್ಟೂ ಜನ ಹೌದು ಎಂದೇ ತಿಳಿದರು. ನನಗೆ ಬೇಕಾಗಿದ್ದು ಇನ್ನೊಂದು ಗಂಡಲ್ಲ. ಆ ಹೆಂಗಸಿನ ಬಾಯಿಂದಲೇ, ತುಂಬಿದ ಸಭೆಯಲ್ಲಿ, ಇವಳಿಗೆ ಯಾವ ರೋಗವೂ ಇಲ್ಲ ಎಂದು ಹೇಳಿಸಬೇಕು. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಮನೆಯಲ್ಲಿ ಆ ಮಣೆ ಗೋಡೆಗೆ ಒರಗಿ ನಿಂತೇ ಇತ್ತು. ಅದನ್ನು ಕಂಡರೆ ಅಮ್ಮನಿಗೆ ಅಳು, ಅಪ್ಪನಿಗೆ ರಕ್ತದೊತ್ತಡ. ಪುರೋಹಿತರನ್ನು ಕೇಳಿದರೆ, ಹಸೆಗೆಂದು ಸಂಕಲ್ಪ ಮಾಡಿಸಿದ್ದನ್ನು ಮಾರಬಾರದು, ಸುಡಬಾರದು, ಹರಿಯುವ ನೀರಿಗೆ ಬಿಡಬೇಕು ಎಂದರು. ವಿಜಯನಗರದವರಿಗೆ ಹರಿಯುವ ನೀರು ಎಲ್ಲಿಂದ ಬರಬೇಕು? ಅಪ್ಪ ಕೆಂಗೇರಿ ಕಡೆ ಹೋಗಿ ವೃಷಭಾವತಿಗೆ ಬಿಟ್ಟುಬರುತ್ತೇನೆ ಎಂದು ಹೊರಟರು. ಅಮ್ಮ ಬಾಗಿಲಿಗೆ ಅಡ್ಡ ನಿಂತರು.

"ಅದು ನದಿ ಏನ್ರೀ? ಮೂಗು ಮುಚ್ಕೊಂಡು ದಾಟಬೇಕು. ಮೋರಿಗೆ ಎಸೆಯೋಕೆ ನನ್ ಮಗಳ ಮಣೆ ಕಸಾನಾ?"

ಆಗ ಊರಿಗೆ ಬಂದಿದ್ದ ಚಿಕ್ಕಮ್ಮ ಪರಿಹಾರ ಹೇಳಿದರು. ಚಿಕ್ಕಪ್ಪನಿಗೆ ಕರಾವಳಿಯ ಒಂದು ಹಳ್ಳಿಯ ಪೋಸ್ಟಾಫೀಸಿಗೆ ವರ್ಗವಾಗಿತ್ತು. ಸಮುದ್ರ ಅವರ ಮನೆಯ ಹಿತ್ತಿಲಿನಿಂದ ಕೂಗಳತೆ. "ಇವಳನ್ನೂ ಕಳ್ಸು, ಮಣೇನೂ ಕಳ್ಸು. ಬೇಸಿಗೆ ರಜ ಮುಗಿಯೋವರ್ಗೂ ಇರ್ಲಿ" ಎಂದರು. ಬಸ್ಸಿನ ಟಾಪಿಗೆ ಅದನ್ನು ಏರಿಸುವಾಗ ಕಂಡಕ್ಟರ್ "ಏನಮ್ಮ, ಬಾಗಿಲು ಕಿತ್ಕೊಂಡು ಹೊರಟಿದೀರಾ?" ಎಂದ. ಚಿಕ್ಕಮ್ಮ ಅವನಿಗೆ ಕೊಟ್ಟ ಉತ್ತರವನ್ನು ಬರೆಯುವ ಹಾಗಿಲ್ಲ.

ಅದು ಪ್ರವಾಸಿಗರು ಬರುವ ತೀರವಲ್ಲ. ಒಂದು ಕಡೆ ಕರಿಬಂಡೆಗಳು, ನಡುವೆ ಸ್ವಲ್ಪ ಮರಳು, ಒಣಹಾಕಿದ ಬಲೆ, ಬೋರಲು ಮಲಗಿಸಿದ ಎರಡು ದೋಣಿ. ಅಲೆಗಳೂ ಭಯಂಕರವೇನಲ್ಲ. ಎದೆಮಟ್ಟಕ್ಕೆ ಎದ್ದು, ಬಂಡೆಯ ಬದಿಯಿಂದ ಮುರಿಯಲು ಶುರುವಾಗಿ, ಉದ್ದಕ್ಕೂ ಮುರಿಯುತ್ತ ಬಂದು ದಡದಲ್ಲಿ ನೊರೆಯಾಗುತ್ತಿದ್ದವು. ಚಿಕ್ಕಮ್ಮ ಮಣೆಗೆ ಅರಿಶಿನ ಕುಂಕುಮ ಹಚ್ಚಿದರು. ಇಬ್ಬರೂ ಕೈ ಮುಗಿದೆವು. ಮೊಣಕಾಲು ನೀರಿಗೆ ಹೋಗಿ ಅದನ್ನು ತಳ್ಳಿಬಿಟ್ಟೆ.

ಅಲೆ ಅದನ್ನು ತಂದು ನನ್ನ ಕಾಲಬುಡಕ್ಕೇ ಹಾಕಿತು. ಇನ್ನೂ ಜೋರಾಗಿ ತಳ್ಳಿದೆ. ಮತ್ತೆ ಬಂತು, ಈ ಸಲ ಮೊಣಕಾಲಿಗೆ ಬಡಿಯಿತು. ನದಿಗೆ ಬಿಟ್ಟದ್ದು ಹೋಗುತ್ತದೆ, ಸಮುದ್ರಕ್ಕೆ ಬಿಟ್ಟದ್ದು ವಾಪಸ್ ಬರುತ್ತದೆ ಎಂಬುದು ಪುರೋಹಿತರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಕೊನೆಗೆ ಚಿಕ್ಕಮ್ಮ ದಡದ ಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತು ಅಂದರು:

"ಅಯ್ಯೋ, ಸಮುದ್ರಕ್ಕೂ ಬೇಡ್ವಂತೆ ಕಣೇ!"

ಅವರು ತಮಾಷೆಗೆ ಅಂದದ್ದು. ನನಗೆ ಮಾತ್ರ ಎಲ್ಲಿತ್ತೋ ರೋಷ ಬಂತು. ರಾಜಾಜಿನಗರದವರಿಗೂ ಬೇಡ, ಸಮುದ್ರಕ್ಕೂ ಬೇಡ ಎಂದರೆ ಏನು ಅರ್ಥ? ಸೀರೆಯನ್ನು ಕಚ್ಚೆ ಕಟ್ಟಿ, ಮಣೆಯನ್ನು ನೂಕಿಕೊಂಡು ಎದೆಮಟ್ಟದ ನೀರಿಗೆ ಹೋದೆ. ಇನ್ನೂ ಆಚೆಗೆ ಒಯ್ಯಬೇಕೆಂದು ಅದರ ಮೇಲೆ ಹೊಟ್ಟೆ ಹಾಕಿ ಮಲಗಿ ಕಾಲು ಬಡಿಯಲು ಹೋದೆ. ಹೊರಳಾಟದಲ್ಲಿ ಮಣೆ ಬೋರಲಾಗಿತ್ತು. ಮನೆಯಲ್ಲಾಗಿದ್ದರೆ ಬೋರಲು ಮಣೆ ಅಶುಭವೆಂದು ಅಮ್ಮ ಚೀರುತ್ತಿದ್ದರು. ಆದರೆ ಬೋರಲಾದದ್ದರಿಂದಲೇ ನುಣ್ಣಗಿನ ಮೈ ನೀರಿನ ಕಡೆಗೂ, ಅಡ್ಡಪಟ್ಟಿ ನನ್ನ ಕೈಗೂ ಬಂತು. ಪಟ್ಟಿಯನ್ನು ಗಟ್ಟಿಯಾಗಿ ಹಿಡಿದೆ. ದಡದ ಕಡೆ ತಿರುಗಿಕೊಂಡದ್ದೂ ಹಿಂದಿನಿಂದ ಅಲೆ ಎತ್ತಿದ್ದೂ ಒಟ್ಟಿಗೇ ಆಯಿತು.

ಹೊಟ್ಟೆಯ ಕೆಳಗೆ ನೀರು ಓಡುವ ಸದ್ದು, ಮುಖಕ್ಕೆ ಉಪ್ಪಿನ ಎರಚಲು, ಪಕ್ಕದಲ್ಲಿ ಹಿಂದೆ ಸರಿಯುವ ಬಂಡೆ. ಮದುವೆ ಮುರಿದ ಮೇಲೆ ಮೊದಲ ಸಲ ನಾನು ಆ ಹೆಂಗಸನ್ನು ಮರೆತಿದ್ದೆ. ಮರಳಿಗೆ ಬಂದು ಬಿದ್ದ ಮೇಲೆ ಮತ್ತೆ ನೆನಪಾದರು. ಮೂರ್ಛೆ ರೋಗದವಳು, ನೀರಿನ ಹತ್ತಿರ ಹೋಗಬಾರದವಳು, ಸಮುದ್ರದ ಮೇಲೆ ಬಂದಿದ್ದೆ. ಮಣೆಯನ್ನು ಎತ್ತಿಕೊಂಡು ತಿರುಗಿ ನೀರಿಗೆ ಹೋದೆ.

ಅದಕ್ಕೆ ಸರ್ಫಿಂಗ್ ಎಂಬ ಹೆಸರಿದೆ ಎಂದು ಬಹಳ ಕಾಲ ನನಗೆ ಗೊತ್ತಿರಲಿಲ್ಲ. ಸರ್ಫ್ ಎಂದರೆ ಆಗ ನಮಗೆ ಬಟ್ಟೆ ಒಗೆಯುವ ಪುಡಿ. ಆ ಊರಿನ ಮಕ್ಕಳು ಮುರಿದ ದೋಣಿಯ ಹಲಗೆಗಳ ಮೇಲೆ ಹಾಗೇ ಆಡುತ್ತಿದ್ದವು. ಅವಕ್ಕೆ ಅದು ಆಟ ಅಷ್ಟೇ. ಅವುಗಳನ್ನು ನೋಡಿ ನೋಡಿ ಕಲಿತೆ. ಎದ್ದ ಅಲೆಗೆಲ್ಲ ಹಾತೊರೆಯಬಾರದು, ಬಂಡೆಯ ಬದಿಯಿಂದ ಮುರಿಯುವುದನ್ನೇ ಕಾಯಬೇಕು. ಹೊಟ್ಟೆಯಿಂದ ಮಂಡಿಗೆ ಏಳುವಾಗ ಕಣ್ಣು ದಡದ ಮೇಲಿರಬೇಕು, ಕೈಯ ಮೇಲಲ್ಲ. ಚಿಕ್ಕಪ್ಪನ ಹಳೆಯ ಪೈಜಾಮ ಮತ್ತು ತುಂಬುತೋಳಿನ ಷರಟು ನನ್ನ ವೇಷ. ಚಿಕ್ಕಮ್ಮ ಮಣೆಗೆ ಕೊಬ್ಬರಿ ಎಣ್ಣೆ ಉಜ್ಜಿ ಬಿಸಿಲಿಗಿಟ್ಟು, ಅಮ್ಮನಿಗೆ ಮಾತ್ರ "ಬಿಟ್ಟಾಯ್ತು ಅಕ್ಕ, ನೀರಿಗೆ ಬಿಟ್ಟಾಯ್ತು" ಎಂದರು. ಅದೇನೂ ಸುಳ್ಳಲ್ಲ.

ಆಮೇಲೆ ದಸರಾ ರಜ ಬರಲಿ, ಬೇಸಿಗೆ ರಜ ಬರಲಿ, ನಾನು ಅಲ್ಲಿ. ವಿಜಯನಗರದಲ್ಲಿದ್ದಾಗ ಬೆಳಗ್ಗೆ ಚಾಪೆಯ ಮೇಲೆ ಬೋರಲು ಮಲಗಿ ಒಂದೇ ನೆಗೆತಕ್ಕೆ ಮಂಡಿಗೆ ಏಳುವುದನ್ನು ಅಭ್ಯಾಸ ಮಾಡುತ್ತಿದ್ದೆ. ಅಮ್ಮ ಅದನ್ನು ಯೋಗಾಸನ ಎಂದುಕೊಂಡು ಸಂತೋಷಪಟ್ಟರು. ನಾನು ಒಂದೊಂದು ಸಲ ಏಳುವಾಗಲೂ ಬೀಗದಕೈ ಸಿಕ್ಕಿಸಿದ ಆ ಸೊಂಟವನ್ನು ನೆನೆಸಿಕೊಂಡೇ ಏಳುತ್ತಿದ್ದೆ. ಹಾಗೆ ಕಲಿತರೆ ಬೇಗ ಬರುತ್ತದೆ. ಕೊನೆಕೊನೆಗೆ, ಅಲೆಯ ಜೋರು ಇಳಿದು ನೊರೆಯ ಮೇಲೆ ಮಣೆ ಸಮವಾಗಿ ಜಾರುವ ಹೊತ್ತಿಗೆ, ಮಂಡಿಯಿಂದ ಚಕ್ಕಳಮಕ್ಕಳಕ್ಕೆ ಬಂದು ಕೂರುವುದನ್ನೂ ಕಲಿತೆ. ಅದು ಯಾಕೆ ಬೇಕೆಂದು ಚಿಕ್ಕಮ್ಮ ಕೇಳಿದರು. ಬೇಕು ಎಂದೆ.

ಅಷ್ಟು ಹೊತ್ತಿಗೆ ಉಪಾಯ ಹೊಳೆದಿತ್ತು. ಅತ್ತಿಗುಪ್ಪೆ ಆಂಟಿಯ ಮನೆಗೆ ಹೋಗಿ, ಈ ವರ್ಷದ ಟೂರಿನಲ್ಲಿ ನಮ್ಮ ಚಿಕ್ಕಮ್ಮನ ಊರಿಗೂ ಬನ್ನಿ, ಸಮುದ್ರ ನೋಡಿದ ಹಾಗೂ ಆಯಿತು, ಬಸ್ಸಿನವರಿಗೆಲ್ಲ ಊಟ ನಮ್ಮದೇ ಎಂದೆ. ಊಟ ಎಂದ ಕೂಡಲೇ ಅವರು ಒಪ್ಪಿದರು.

"ರಾಜಾಜಿನಗರದೋರು ಬರ್ತಾರಾ ಆಂಟಿ?"

"ಅವ್ರಿಲ್ದೆ ಟೂರ್ ಆಗುತ್ತೇನಮ್ಮ? ಮುಂದಿನ ಸೀಟೇ ಅವ್ರದ್ದು. ಸೊಸೇನೂ ಬರ್ತಾಳೆ. ಯಾಕೆ, ನಿಂಗೆ ಮುಜುಗರಾನಾ?"

"ಇಲ್ಲ ಆಂಟಿ. ಹಳೇದೆಲ್ಲ ಯಾವತ್ತೋ ಮರ್ತ್‌ಬಿಟ್ಟೆ" ಎಂದೆ. ಮುಖ ನಗುನಗುತ್ತ ಇತ್ತು.

ಬಸ್ಸಿನಲ್ಲಿ ಆಕೆ ಮುಂದೆ, ನಾನು ಹಿಂದೆ. ನಡುವಿನ ಓಡಾಟವೆಲ್ಲ ಸೊಸೆಯದು. ನನ್ನ ಜಾಗಕ್ಕೆ ಬಂದ ಹುಡುಗಿ ಎಂದು ಅವಳ ಮೇಲೂ ನನಗೆ ಹೊಟ್ಟೆಯುರಿ ಇತ್ತು. ಹತ್ತಿರದಿಂದ ಕಂಡದ್ದು ಅವತ್ತೇ. ಅತ್ತೆಗೆ ನೀರು, ಅತ್ತೆಗೆ ದಿಂಬು, ಅತ್ತೆಗೆ ವಾಂತಿಗೆ ನಿಂಬೆಹಣ್ಣು. ಇಡೀ ದಾರಿ ಅವಳ ಬಾಯಿಂದ ಬಂದ ಮಾತು "ಹೂಂ ಅತ್ತೆ" ಒಂದೇ. ಅಂತ್ಯಾಕ್ಷರಿಗೆ ಎಲ್ಲರೂ ಹಾಡುವಾಗ ಅವಳೂ ಬಾಯಿ ತೆರೆದಳು. ಅತ್ತೆ ತಿರುಗಿ ನೋಡಿದರು, ಮುಚ್ಚಿಕೊಂಡಳು.

ಟೀಗೆ ನಿಲ್ಲಿಸಿದಾಗ ಆಕೆ ಎಲ್ಲರಿಗೂ ಕೇಳಿಸುವ ಹಾಗೆ ನನ್ನನ್ನು ಮಾತಾಡಿಸಿದರು.

"ಏನಮ್ಮಾ, ಚೆನ್ನಾಗಿದೀಯಾ? ಪಾಪ, ಇನ್ನೂ ಹಸೆಮಣೆ ಏರೋ ಯೋಗ ಬಂದಿಲ್ವಾ?"

ಹೆಂಗಸರ ಲೋಟಗಳು ಬಾಯಿಯ ಹತ್ತಿರವೇ ನಿಂತವು.

"ನಾಳೆ ಸಾಯಂಕಾಲ ಏರ್ತೀನಿ ಅತ್ತೆ" ಎಂದೆ. "ನೀವೇ ಮುಂದೆ ನಿಂತು ನೋಡ್ಬೇಕು."

ಮೂರ್ಛೆಯಷ್ಟೇ ಅಲ್ಲ, ತಲೆಯೂ ಕೆಟ್ಟಿದೆ ಎಂದುಕೊಂಡರೇನೋ. ಯಾರೂ ನಗಲಿಲ್ಲ.

ಮರುದಿನ ಚಿಕ್ಕಮ್ಮ ಎಲ್ಲರಿಗೂ ಹೊಟ್ಟೆತುಂಬ ಊಟ ಹಾಕಿ, ಬಿಸಿಲು ಇಳಿದ ಮೇಲೆ ತೀರಕ್ಕೆ ಹೊರಡಿಸಿದರು. ಹೆಂಗಸರೆಲ್ಲ ಸೀರೆ ಎತ್ತಿ ಹಿಡಿದು ಕಾಲು ತೋಯಿಸಿಕೊಳ್ಳುವಾಗ ನಾನು ಪೈಜಾಮ ಷರಟಿನಲ್ಲಿ ಮಣೆ ಹೊತ್ತುಕೊಂಡು ಬಂದೆ. ಗುಸುಗುಸು ಶುರುವಾಯಿತು. ನೇರವಾಗಿ ಆಕೆಯ ಎದುರಿಗೆ ಹೋಗಿ ನಿಂತೆ.

"ಗುರುತು ಸಿಕ್ತಾ ಅತ್ತೆ? ಒಂದೇ ಹಲಗೆ, ಹಲಸಿನ ಮರ. ನೀವ್ ಹೇಳಿದ ಹಾಗೇ ಮಾಡ್ಸಿದ್ದು."

ಆಕೆಯ ಮುಖ ಸಣ್ಣದಾಯಿತು. ನಾನು ಕೈ ಚಾಚಿದೆ.

"ಆ ಬೀಗದಕೈ ಗೊಂಚಲು ಸ್ವಲ್ಪ ಕೊಡಿ. ನಂಗೆ ಮೂರ್ಛೆ ರೋಗ ಅಂತ ನೀವೇ ಅಲ್ವಾ ಎಲ್ರಿಗೂ ಹೇಳಿದ್ದು? ನೀರೊಳಗೆ ಅದು ಬಂದ್ರೆ ಕೈಗೆ ಕಬ್ಬಿಣ ಬೇಕಲ್ಲ."

ಬಾಯಿ ಬಿಟ್ಟು ಯಾರೂ ಕೇಳದಿದ್ದ ಮಾತು ಬಯಲಿಗೆ ಬಿದ್ದಿತ್ತು. ಆಕೆ ಗೊಂಚಲನ್ನು ಸೆರಗಿನಿಂದ ಮುಚ್ಚಿಕೊಂಡರು. "ಬೇಡ್ವಾ? ಸರಿ, ಹಾಗೇ ಹೋಗ್ತೀನಿ" ಎಂದು ನೀರಿಗೆ ಇಳಿದೆ.

ಮೊದಲ ಅಲೆಯನ್ನು ಬಿಟ್ಟೆ. ಎರಡನೆಯದನ್ನೂ ಬಿಟ್ಟೆ. ಹೆದರಿದಳು ಎಂದು ದಡದಲ್ಲಿ ಯಾರೋ ಅಂದದ್ದು ಕೇಳಿಸಿತು. ಅನ್ನಲಿ. ಆಮೇಲಿನದು ಬಂಡೆಯ ಬದಿಯಿಂದ ಮುರಿಯುತ್ತ ಬಂತು. ಕಾಲು ಬಡಿದೆ, ಎತ್ತಿತು, ಮಂಡಿಗೆ ಎದ್ದೆ. ಬಂಡೆಯಿಂದ ಹಿಡಿದು ಆ ಹೆಂಗಸರ ಸಾಲಿನ ಉದ್ದಕ್ಕೂ ಒಬ್ಬೊಬ್ಬರ ಮುಖ ನೋಡುತ್ತ ಬಂದೆ. ನೊರೆ ಸಮವಾದ ಕೂಡಲೇ ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿ, ಮದುಮಗಳ ಹಾಗೆ ತಲೆ ಬಗ್ಗಿಸಿ ಕೂತೆ. ಮಣೆ ಜಾರಿಕೊಂಡು ಬಂದು ಆಕೆಯ ಪಾದದ ಮುಂದೆ ಮರಳಿಗೆ ತಾಗಿ ನಿಂತಿತು.

"ಏರಿದೆ ಅತ್ತೆ" ಎಂದೆ.

ಚಿಕ್ಕಮ್ಮ ಅಕ್ಕಿಕಾಳು ತಂದಿದ್ದರು ಎಂದು ನನಗೂ ಗೊತ್ತಿರಲಿಲ್ಲ. ಸೆರಗಿನ ಗಂಟು ಬಿಚ್ಚಿ ನನ್ನ ತಲೆಯ ಮೇಲೆ ಅಕ್ಷತೆ ಎರಚಿದರು. ಮೊದಲು ಒಬ್ಬರು ಚಪ್ಪಾಳೆ ಹೊಡೆದರು, ಆಮೇಲೆ ಎಲ್ಲರೂ. ಚಪ್ಪಾಳೆ ನಿಂತ ಮೇಲೆ ಅತ್ತಿಗುಪ್ಪೆ ಆಂಟಿ ಆಕೆಯ ಕಡೆ ತಿರುಗಿದರು. ತಮ್ಮ ಬಾಯಿಂದ ಸುಳ್ಳು ಹಂಚಿಸಿದ್ದು ಅವರಿಗೂ ಚುಚ್ಚಿರಬೇಕು.

"ಅಲ್ರೀ, ಮೂರ್ಛೆ ರೋಗ ಅಂತ ನೀವೇ ಅಲ್ವಾ ನಂಗೆ ಹೇಳಿದ್ದು?"

"ನಾನಾ? ನಾನ್ಯಾವಾಗ ಹೇಳ್ದೆ?"

"ಹಾಗಾದ್ರೆ ರೋಗ ಇಲ್ವಾ?" ಎಂದು ನಾನು ಕೇಳಿದೆ. ಮಣೆಯಿಂದ ಎದ್ದಿರಲಿಲ್ಲ. "ಎಲ್ರಿಗೂ ಕೇಳಿಸೋ ಹಾಗೆ ಹೇಳ್ಬಿಡಿ ಅತ್ತೆ. ಇದೆಯಾ, ಇಲ್ವಾ?"

ಆಕೆ ಸುತ್ತ ನೋಡಿದರು. ಇದೆ ಎಂದರೆ ಕಣ್ಣೆದುರಿಗೆ ಕಂಡದ್ದು ನಗುತ್ತದೆ. ಇಲ್ಲ ಎಂದರೆ ಸುಳ್ಳು ತಮ್ಮದಾಗುತ್ತದೆ.

"ಇಲ್ಲ" ಎಂದರು. "ಈ ಹುಡುಗಿಗೆ ಯಾವ ರೋಗಾನೂ ಇಲ್ಲ. ನಾನ್ ಹಾಗ್ ಅಂದೇ ಇಲ್ಲ."

ಇನ್ನೇನು ಬೇಕಿತ್ತು ನನಗೆ? ಆ ಬಸ್ಸು ಬೆಂಗಳೂರು ತಲುಪಿದರೆ ಸಾಕು. ಬಾಪೂಜಿನಗರದಿಂದ ರಾಜಾಜಿನಗರದವರೆಗೆ ಆ ಮಾತು ಮನೆಮನೆಗೆ ಹೋಗುತ್ತದೆ. ಸುಳ್ಳು ಹೋದ ದಾರಿಯಲ್ಲೇ ಹೋಗುತ್ತದೆ. ಎದೆಯೊಳಗೆ ಎರಡು ವರ್ಷ ಒತ್ತಿಕೊಂಡಿದ್ದ ಕಲ್ಲು ಇಳಿಯಿತು ಎಂದು ಬರೆಯಬಹುದಿತ್ತು. ನಿಜ ಹೇಳಬೇಕೆಂದರೆ ಇನ್ನಷ್ಟು ಬೇಕು ಅನ್ನಿಸಿತು.

ಹೆಂಗಸರು ಚದುರಿ, ನಾನು ಮಣೆಯ ಮರಳು ತೊಳೆಯುತ್ತಿದ್ದಾಗ ಪಕ್ಕದಲ್ಲಿ ಯಾರೋ ನಿಂತ ಹಾಗಾಯಿತು. ಸೊಸೆ. ಅತ್ತೆಯ ಚಪ್ಪಲಿಗಳು ಅವಳ ಕೈಯಲ್ಲಿದ್ದವು.

"ಅಕ್ಕಾ, ಇದ್ರಲ್ಲಿ ಇಬ್ರು ಹಿಡಿಸ್ತಾರಾ?"

"ಹೂಂ ಅತ್ತೆ" ಬಿಟ್ಟು ಅವಳ ಬಾಯಿಂದ ಬೇರೆ ಮಾತು ಕೇಳಿದ್ದೇ ಆಗ. ಅವಳನ್ನು ನೋಡಿದೆ. ದೂರದಲ್ಲಿ ನಿಂತಿದ್ದ ಅತ್ತೆಯನ್ನೂ ನೋಡಿದೆ.

"ಇಬ್ರಿಗೇ ಅಂತ ಮಾಡ್ಸಿದ್ದು ಕಣಮ್ಮ. ಬಾ."

ಅವಳು ಚಪ್ಪಲಿಗಳನ್ನು ಮರಳ ಮೇಲೆ ಬಿಟ್ಟಳು. ಅವಳ ಮೇಲಿನ ಮರುಕದಿಂದ ಕರೆದೆ ಎಂದು ಹೇಳಿಕೊಳ್ಳಲಾರೆ. ಆಕೆಯ ಸೊಸೆಯನ್ನು ಆಕೆಯ ಕಣ್ಣೆದುರಿಗೇ ಆಕೆಯೇ ಹೇಳಿ ಮಾಡಿಸಿದ ಮಣೆಯ ಮೇಲೆ ಕೊಂಡೊಯ್ಯುವ ಅವಕಾಶವನ್ನು ನಾನಂತೂ ಬಿಡುವವಳಲ್ಲ. ಸೊಂಟಮಟ್ಟದ ನೀರಿನಲ್ಲಿ ಅವಳನ್ನು ಮುಂದೆ ಮಲಗಿಸಿ, ಮುಂದಿನ ಪಟ್ಟಿಯನ್ನು ಅವಳ ಕೈಗೆ ಕೊಟ್ಟು, ಹಿಂದಿನದನ್ನು ನಾನು ಹಿಡಿದೆ. ಅಲೆ ಎತ್ತಿದ ಕೂಡಲೇ ಅವಳು ಕಿರುಚಿದಳು. ಅದು ಹೆದರಿಕೆಯ ಕಿರುಚು ಎಂದುಕೊಂಡೆ. ಅಲ್ಲ, ನಗು. ಎರಡು ವರ್ಷದ ನಗು ಒಟ್ಟಿಗೇ ಬಂದ ಹಾಗಿತ್ತು.

ಮರಳಿಗೆ ಬಂದು ಇಬ್ಬರೂ ಉರುಳಿಕೊಂಡು ತಲೆ ಎತ್ತಿದಾಗ, ಆಕೆ "ಅಯ್ಯೋ ನನ್ ಸೊಸೆ" ಎಂದು ದಡದಲ್ಲಿ ಕುಸಿದು ಕೂತಿದ್ದರು, ಕಣ್ಣು ಮೇಲಕ್ಕೆ ಹೋಗಿತ್ತು. ಹೆಂಗಸರು ಸುತ್ತ ಮುತ್ತಿಕೊಂಡಿದ್ದರು. ಅತ್ತಿಗುಪ್ಪೆ ಆಂಟಿ ಆಕೆಯ ಸೊಂಟದಿಂದ ಬೀಗದಕೈ ಗೊಂಚಲನ್ನು ಕಿತ್ತು, ಆಕೆಯ ಮುಷ್ಟಿಗೇ ತುರುಕಿ, ಬೆರಳು ಮಡಿಸಿ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಸೊಸೆ ಮುಖದ ಮೇಲಿನ ನೀರು ಒರೆಸಿಕೊಂಡು ಅದನ್ನು ನೋಡಿದಳು. ಆಮೇಲೆ ಮಣೆಯ ಆ ಕಡೆಯ ಪಟ್ಟಿಗೆ ಕೈ ಹಾಕಿದಳು.

"ಅಕ್ಕಾ," ಎಂದಳು, "ಇನ್ನೊಂದ್ಸಲ."